ಸುಮತ್ತೆಯ ತಗಡಿನ ಡಬ್ಬ

ವಿಜಯದಶಮಿಯ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಅಮ್ಮ ಗೋಡೆ ಗಡಿಯಾರದ ಕೆಳಗೇ ಮಂಡಿಯೂರಿ ನೆಲ ಒರೆಸುತ್ತಿದ್ದಳು. ಅವಳನ್ನು ನೆನೆಸಿಕೊಂಡಾಗಲೆಲ್ಲ ತಲೆಯ ಮೇಲೆ ಆ ಗಡಿಯಾರವೂ ಕಾಣುತ್ತದೆ, ಹಾಗಾಗಿ ಹೊತ್ತಿನ ಬಗ್ಗೆ ನನಗೆ ಅನುಮಾನವಿಲ್ಲ. ನಾನು ಚಾಪೆಯ ಮೇಲೆ ಕೂತು ಟೀವಿಗೆ ಜೋಡಿಸಿದ್ದ ವಿಡಿಯೋ ಗೇಮ್ ಆಡುತ್ತಿದ್ದೆ. ನನ್ನ ಪಕ್ಕದಲ್ಲೊಂದು ಬಿಸ್ಕತ್ತಿನ ತಗಡಿನ ಡಬ್ಬವಿತ್ತು. ಗೇಮಿನ ಯಂತ್ರವೆಲ್ಲ ಅದರೊಳಗೆ. ಅಮ್ಮ ನೆಲ ಒರೆಸುತ್ತ ಹತ್ತಿರ ಬಂದು, ಡಬ್ಬದ ಮೇಲಿನ ಧೂಳು ಕಂಡು, ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಅದರ ಮೇಲೆ ಆಡಿಸಿದಳು. ಕೈ ಅಲ್ಲೇ ನಿಂತುಬಿಟ್ಟಿತು. ಕರೆಂಟು ಹಿಡಿದವರು ಕಿರುಚುತ್ತಾರೆಂದು ನಾನು ತಿಳಿದಿದ್ದೆ. ಅಮ್ಮ ಕಿರುಚಲಿಲ್ಲ. ಹಲ್ಲು ಕಚ್ಚಿಕೊಂಡು, ಯಾವುದೋ ಭಾರ ಎತ್ತುವವಳ ಹಾಗೆ ನನ್ನನ್ನೇ ನೋಡುತ್ತಿದ್ದಳು. ಪರದೆಯ ಮೇಲೆ ನನ್ನ ಪುಟ್ಟ ಮನುಷ್ಯ ಹಳ್ಳಕ್ಕೆ ಬಿದ್ದ. ಅವನು ಸತ್ತಾಗ ಬರುವ ಸಂಗೀತ ಬಂತು. ಅಡುಗೆಮನೆ ಬಾಗಿಲಲ್ಲಿದ್ದ ಅಜ್ಜಿ ಒಂದೇ ಸಲ ನೋಡಿ, ಗುಡುಗು ಬಂದಾಗ ಮಾಡುವ ಹಾಗೆಯೇ ಓಡಿಹೋಗಿ, ಟೀವಿಯ ವೈರು ಹಿಡಿದು ಗೋಡೆಯಿಂದ ಕಿತ್ತಳು. ಅಮ್ಮ ಪಕ್ಕಕ್ಕೆ ಉರುಳಿದಳು. ಬಕೆಟ್ಟಿನ ನೀರು ನನ್ನ ಚಾಪೆಯತ್ತ ಹರಿದುಬಂತು.

ನಮ್ಮ ಮನೆ ಕಂಪಲಾಪುರದಲ್ಲಿ, ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ರಸ್ತೆಯ ಮಗ್ಗುಲಿಗೆ. ಮುಂದೆ ಜಗಲಿ, ಒಳಗೆ ಉದ್ದಕ್ಕೊಂದು ನಡುಮನೆ, ಅದರಾಚೆ ಅಡುಗೆಮನೆ, ಹಿಂದೆ ಬಚ್ಚಲು. ಅಪ್ಪ ಹೊಗೆಸೊಪ್ಪು ಬೆಳೆದು, ಬಿಸಿಗಾಳಿಯ ಗೂಡಿನಲ್ಲಿ ಬೇಯಿಸಿ, ಹೊರೆ ಕಟ್ಟಿ ಹರಾಜಿಗೆ ಒಯ್ಯುತ್ತಿದ್ದ. ಮನೆಯ ರಗ್ಗು, ರೊಟ್ಟಿ, ನನ್ನ ಶಾಲೆಯ ಚೀಲ, ಎಲ್ಲಕ್ಕೂ ಆ ಸೊಪ್ಪಿನ ಸಿಹಿ ಗಾಟು ವಾಸನೆ. ಅಮ್ಮನಿಗೆ ಆ ವಾಸನೆಯ ಮೇಲೆ ಹಗೆ. ದಿನಕ್ಕೆರಡು ಸಲ ನೆಲ ಒರೆಸುತ್ತಿದ್ದಳು. ಕೆಂಪು ಗಾರೆ ನೆಲದಲ್ಲಿ ಮುಖ ಕಾಣಬೇಕು. ಕೂತವರ ಕಾಲೆತ್ತಿಸಿ ಒರೆಸುತ್ತಿದ್ದಳು, ನಿಂತವರನ್ನು ಸರಿಸಿ ಒರೆಸುತ್ತಿದ್ದಳು. ನಡುಮನೆ ಅವಳ ರಾಜ್ಯ. ಆ ರಾಜ್ಯದ ಕಿಟಕಿ ಪಕ್ಕದ ಮೂಲೆಯಲ್ಲಿ ಅಪ್ಪನ ತಂಗಿ ಸುಮತ್ತೆ ಒಂದು ಮೇಜು ಹಾಕಿಕೊಂಡಿದ್ದಳು.

ಸುಮತ್ತೆ ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದಳು. ಕೆ.ಆರ್. ನಗರದ ಕಡೆ, ಚುಂಚನಕಟ್ಟೆ ಹತ್ತಿರದ ಗದ್ದೆಯವರ ಮನೆಗೆ ಅವಳನ್ನು ಕೊಟ್ಟಿದ್ದರು. ವರ್ಷ ತುಂಬುವ ಮೊದಲೇ ಒಂದು ಮಧ್ಯಾಹ್ನ ಒಬ್ಬಳೇ ಬಸ್ಸಿಳಿದು ಬಂದಳು. ಬಲಗಿವಿಯಲ್ಲಿ ಓಲೆ ಇತ್ತು, ಎಡಗಿವಿಯಲ್ಲಿ ಇರಲಿಲ್ಲ. ಓಲೆಯ ತೂತು ಕೆಳಗಿನವರೆಗೂ ಹರಿದು ರಕ್ತ ಒಣಗಿತ್ತು. ಅಜ್ಜಿ ಅರಿಶಿನ ಹಚ್ಚಿದಳು. ಏನಾಯಿತು ಎಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಆದರೆ ಅವಳು ಬಂದ ಮೇಲೆ ಮನೆಯಲ್ಲಿ ಏನು ಕೆಟ್ಟರೂ ಎಲ್ಲರ ಕಣ್ಣು ಒಂದು ಕ್ಷಣ ಅವಳ ಕಡೆ ತಿರುಗುವುದನ್ನು ನಾನು ಕಂಡಿದ್ದೆ.

ಆ ಮೇಜಿನ ಮೇಲೆ ರೇಡಿಯೋ, ಟೇಪ್‌ರೆಕಾರ್ಡರು, ಎಮರ್ಜೆನ್ಸಿ ಲೈಟು ಬಂದು ಹೋಗುತ್ತಿದ್ದವು. ಗೇಮ್ ಬಂದದ್ದು ಬೇಕರಿ ಕಾಕನಿಂದ. ಕಾಕ ಕೇರಳದವನು, ರಸ್ತೆಯ ಆಚೆಬದಿಗೆ ಅವನ ಬೇಕರಿ. ಅವನ ಮಗ ಗಲ್ಫಿನಿಂದ ತಂದ ಯಂತ್ರ ವರ್ಷಗಟ್ಟಲೆ ಅಟ್ಟದಲ್ಲಿ ಬಿದ್ದಿತ್ತಂತೆ. ನಮ್ಮದು ಮರದ ಪೆಟ್ಟಿಗೆಯ, ಎಳೆಯುವ ಬಾಗಿಲಿನ ಹಳೇ ಕಪ್ಪು ಬಿಳುಪು ಟೀವಿ. ಅದರ ಆಂಟೆನಾ ತೂತಿಗೆ ಗೇಮನ್ನು ಜೋಡಿಸಿದರೆ ಚಿತ್ರವೆಲ್ಲ ಇರುವೆ ಮುತ್ತಿದ ಹಾಗೆ. ದನಿ ಜೇನುಗೂಡಿನ ಗುಂಯ್.

"ಇದರೊಳಗೆ ಚಿತ್ರ ಗಟ್ಟಿ ಹಾಲಿನಂಗೈತೆ ಕಣೇ ರೂಪ," ಎಂದಳು ಅತ್ತೆ, ಯಂತ್ರ ಬಿಚ್ಚಿಟ್ಟುಕೊಂಡು. "ಈ ಸಣ್ಣ ಪೆಟ್ಟಿಗೆ ಐತಲ್ಲ, ಇದು ಅದನ್ನ ಟೀವಿ ಸ್ಟೇಷನ್ನಿಂದ ಬಂದಂಗೆ ವೇಷ ಹಾಕಿ ಕಳಿಸ್ತದೆ. ಟೀವಿ ಮತ್ತೆ ವೇಷ ಬಿಚ್ಚಬೇಕು. ಆ ಗಲಾಟೇಲಿ ನೀರು ಬೆರೀತದೆ. ನಾವು ಕೊಟ್ಟಿಗೆಗೇ ಹೋಗಿ ಹಾಲು ಕರ್ಕಳನ."

ಹಾಗೆ ಅವಳು ಆ ಸಣ್ಣ ಪೆಟ್ಟಿಗೆಗೆ ಹೋಗುವ ಮೊದಲೇ ಚಿತ್ರದ ತಂತಿಯನ್ನು ಹಿಡಿದಳು. ಒಂದು ಟ್ರಾನ್ಸಿಸ್ಟರನ್ನು ಬೆಸೆದು, ತಂತಿಯನ್ನು ನೇರವಾಗಿ ಟೀವಿಯ ಹೊಟ್ಟೆಯೊಳಕ್ಕೆ ಒಯ್ದಳು. ದನಿಗೆ ಬೇರೆ ತಂತಿ ಎಳೆದು ಸೆಲ್ಲಿನಲ್ಲಿ ನಡೆಯುವ ಅಪ್ಪನ ಟೇಪ್‌ರೆಕಾರ್ಡರಿಗೆ ಕೊಟ್ಟಳು. ಆಮೇಲೂ ಪರದೆಯಲ್ಲಿ ಓರೆ ಗೆರೆಗಳು ಉಳಿದವೆಂದು, ಇಡೀ ಯಂತ್ರವನ್ನು ಬಿಸ್ಕತ್ತಿನ ಡಬ್ಬದಲ್ಲಿ ಕೂರಿಸಿ, ಡಬ್ಬಕ್ಕೂ ಒಂದು ತಂತಿ ಬೆಸೆದಳು. ಗೆರೆಗಳು ಮಾಯವಾದವು. ಇಟ್ಟಿಗೆಯ ಸಂದುಗಳು ಕಂಡವು. ಪುಟ್ಟ ಮನುಷ್ಯನಿಗೆ ಮೀಸೆ ಇದೆಯೆಂದು ನನಗೆ ಗೊತ್ತಾದದ್ದು ಅವತ್ತು. ಕಾಕ ಬಂದು ನೋಡಿ ಎದೆ ಮುಟ್ಟಿಕೊಂಡ.

"ಎಂಡೆ ಮೋಳೇ, ನನ್ನ ಮಗಳೇ! ಗಲ್ಫಿನಲ್ಲೂ ಇಷ್ಟು ಚೆಂದ ಇರಲಿಲ್ಲ ಇದು."

ಈಗ ಒಂದು ವಿಷಯ ಹೇಳಬೇಕು. ಇದನ್ನು ನಾನು ಚೆನ್ನಾಗಿ ತಿಳಿದದ್ದು ಹುಣಸೂರಿನಲ್ಲಿ ಬಿಎಸ್ಸಿ ಓದುವಾಗ. ಅಂಥ ಹಳೇ ಟೀವಿಯ ಒಳಗಿನ ಲೋಹದ ಚೌಕಟ್ಟು ಮನೆಯ ಕರೆಂಟಿಗೇ ನೇರವಾಗಿ ಸೇರಿರುತ್ತದೆ. ಎರಡು ಕಡ್ಡಿಯ ಪ್ಲಗ್ಗನ್ನು ಒಂದು ರೀತಿಯಲ್ಲಿ ಹಾಕಿದರೆ ಚೌಕಟ್ಟು ಸುಮ್ಮನಿರುತ್ತದೆ. ತಿರುಗಿಸಿ ಹಾಕಿದರೆ ಅದರಲ್ಲಿ ಪೂರ್ತಿ ಕರೆಂಟು. ಹೊರಗೆ ಮರದ ಪೆಟ್ಟಿಗೆ ಇರುವುದರಿಂದ ಯಾರಿಗೂ ತಾಗುವುದಿಲ್ಲ, ಆಂಟೆನಾ ತೂತಿನಿಂದಲೂ ಅದು ಹೊರಬರದಂತೆ ತಡೆ ಇರುತ್ತದೆ. ಅತ್ತೆ ಆ ತಡೆ ಇದ್ದ ದಾರಿಯನ್ನು ಬಿಟ್ಟು ನೇರ ಒಳಗೆ ಹೋಗಿದ್ದಳು. ಟೀವಿಯ ಚೌಕಟ್ಟಿಗೂ ನಮ್ಮ ಬಿಸ್ಕತ್ತಿನ ಡಬ್ಬಕ್ಕೂ ಈಗ ಒಂದೇ ತಂತಿಯ ನೆಂಟಸ್ತಿಕೆ. ಅವಳಿಗೆ ಇದು ಗೊತ್ತಿತ್ತು. ಅಮ್ಮನ ಉಗುರುಬಣ್ಣ ಕೇಳಿ ಇಸಕೊಂಡು ಪ್ಲಗ್ಗಿನ ಒಂದು ಮುಖಕ್ಕೆ ಕೆಂಪು ಚುಕ್ಕಿ ಇಟ್ಟಳು. ಚುಕ್ಕಿ ಮೇಲ್ಮುಖವಾಗಿರಬೇಕು. ಹಾಕಿದ ಮೇಲೆ ಡಬ್ಬಕ್ಕೆ ಟೆಸ್ಟರ್ ತಾಗಿಸಿ, ದೀಪ ಹತ್ತಲಿಲ್ಲವೆಂದು ನೋಡಿಯೇ ನನ್ನನ್ನು ಕೂರಲು ಬಿಡುತ್ತಿದ್ದಳು. ಪ್ಲಗ್ಗನ್ನು ಅವಳೇ ಹಾಕಬೇಕು, ಬೇರೆ ಯಾರೂ ಮುಟ್ಟಕೂಡದು. ಕೀಳುವ ಅಧಿಕಾರ ಮಾತ್ರ ಅಜ್ಜಿಗೆ. ದೂರದಲ್ಲಿ ಮಿಂಚಿದರೂ ಸಾಕು, ಅಜ್ಜಿ ಮನೆಯ ಪ್ಲಗ್ಗುಗಳನ್ನೆಲ್ಲ ಅವರೆಕಾಯಿ ಬಿಡಿಸಿದ ಹಾಗೆ ಕಿತ್ತು ಹಾಕುತ್ತಿದ್ದಳು.

ಆಯುಧಪೂಜೆಯ ದಿನ ಅಜ್ಜಿ ಎಲ್ಲ ಪ್ಲಗ್ಗು ಕಿತ್ತಳು. ಆವತ್ತು ಯಾವ ಯಂತ್ರವೂ ದುಡಿಯಕೂಡದು. ಕುಡುಗೋಲು, ಅಪ್ಪನ ತಕ್ಕಡಿ, ಅತ್ತೆಯ ಬೆಸುಗೆ ಕಡ್ಡಿ, ಇಕ್ಕಳ, ಟೆಸ್ಟರ್, ಎಲ್ಲವನ್ನೂ ಮಣೆಯ ಮೇಲಿಟ್ಟು ಚೆಂಡುಹೂವಿನಿಂದ ಮುಚ್ಚಿದ್ದಾಯಿತು. ಮಾರನೆಯ ದಿನ ಸಂಜೆ ಅಜ್ಜಿ ಪೂಜೆ ಕದಲಿಸುವವರೆಗೆ ಅವನ್ನು ಮುಟ್ಟುವಂತಿಲ್ಲ. ಎತ್ತಿಡಲಾಗದ ಟೀವಿ, ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳಿಗೆ ಅಜ್ಜಿ ಇದ್ದಲ್ಲೇ ವಿಭೂತಿ ಬಳಿದು ಕುಂಕುಮ ಇಟ್ಟಳು. ಅದರ ನಡುವೆಯೇ ಜಗಳವಾಯಿತು. ಹಬ್ಬಕ್ಕೆ ಬರುವವರ ಮುಂದೆ ಈ ಮೇಜು ಬೇಡ, ಹಿತ್ತಲಿಗೆ ಹಾಕಿಕೋ ಎಂದಳು ಅಮ್ಮ.

"ಹಿತ್ತಲಲ್ಲಿ ಮಳೆ ಸೋರ್ತದೆ ಅತ್ತಿಗೆ."

"ಸೋರಿದ್ರೆ ಸೋರಲಿ. ಇದು ಮನೆ, ರಿಪೇರಿ ಅಂಗಡಿ ಅಲ್ಲ. ನಿಂಗೆ ಇನ್ನೊಂದು ಮನೆ ಐತೆ, ಅಲ್ಲಿ ಬೇಕಾದ್ದು ಹಾಕ್ಕೋ ಹೋಗು."

ಅತ್ತೆ ಹರಿದ ಕಿವಿಯನ್ನು ಮುಟ್ಟಿಕೊಂಡಳು.

"ಒಂದಿನ ನಿಮ್ಗೂ ಗೊತ್ತಾಗ್ತದೆ ಬುಡಿ ಅತ್ತಿಗೆ."

ಇಷ್ಟೇ ಮಾತು. ಮಾರನೆಯ ಬೆಳಿಗ್ಗೆ, ಮಧ್ಯಾಹ್ನದ ದಸರಾ ಮೆರವಣಿಗೆ ನೋಡಬೇಕಾದ್ದರಿಂದ, ಟೀವಿಗೊಂದಕ್ಕೆ ಅಜ್ಜಿ ಅಪ್ಪಣೆ ಕೊಟ್ಟಳು. ಅಷ್ಟರವರೆಗೆ ಗೇಮ್ ಆಡುತ್ತೇನೆಂದು ನಾನು ಅತ್ತೆಯ ಸೆರಗು ಜಗ್ಗಿದೆ. ಅತ್ತೆ ಮೇಜಿನ ಮೇಲಿದ್ದ ಪ್ಲಗ್ಗನ್ನೆತ್ತಿ, ಬೆಳಕಿಗೆ ಹಿಡಿದು, ಕೆಂಪು ಚುಕ್ಕಿ ನೋಡಿ, ಗೋಡೆಗೆ ಹಾಕಿದಳು. ಟೆಸ್ಟರಿಗಾಗಿ ಮಣೆಯತ್ತ ಕೈ ಚಾಚಿದವಳು ಹೂವು ಕಂಡು ಕೈ ಹಿಂದಕ್ಕೆ ತೆಗೆದುಕೊಂಡಳು. ಸ್ನಾನಕ್ಕೆ ಹೋದಳು.

ಕಾಕ ತನ್ನ ವ್ಯಾನಿನಲ್ಲಿ ಅಮ್ಮನನ್ನು ಹುಣಸೂರಿನ ಆಸ್ಪತ್ರೆಗೆ ಕರೆದೊಯ್ದ. ಜೀವಕ್ಕೆ ಅಪಾಯವಿಲ್ಲ ಎಂದರು. ಬಲಗೈಯ ಬೆರಳುಗಳು ಸುಟ್ಟಿದ್ದವು. ಅಮ್ಮ ಮನೆಗೆ ಬರುವ ಹೊತ್ತಿಗೆ ಅಪ್ಪ ಟೀವಿಯ ವೈರನ್ನು ಅದಕ್ಕೇ ಸುತ್ತಿ ಗಂಟು ಹಾಕಿ, ಮೇಲೊಂದು ಗೋಣಿತಟ್ಟು ಹೊದಿಸಿದ್ದ. ಆಮೇಲೆ ನನ್ನನ್ನು ಜಗಲಿಗೆ ಕರೆದ.

"ಪ್ಲಗ್ಗು ಯಾರು ಹಾಕಿದ್ದು ಮಗ?"

"ಅತ್ತೆ."

"ನೋಡಿ ಹಾಕಿದ್ಲಾ, ಸುಮ್ನೆ ಹಾಕಿದ್ಲಾ?"

"ನೋಡಿ ಹಾಕಿದ್ಲು. ಬೆಳಕಿಗೆ ಹಿಡಿದು ನೋಡಿದ್ಲು."

ಅತ್ತೆಯನ್ನು ಉಳಿಸುತ್ತಿದ್ದೇನೆಂದು ನಾನು ತಿಳಿದಿದ್ದೆ. ಅಪ್ಪನ ಮುಖ ಬದಲಾದದ್ದು ಕಂಡಮೇಲೇ ನನಗೆ ಹೆದರಿಕೆಯಾದದ್ದು. ನೋಡದೆ ಹಾಕಿದ್ದರೆ ಅದು ಮರೆವು. ನೋಡಿ ಹಾಕಿದ್ದರೆ?

ಅತ್ತೆ ಒಂದೇ ಮಾತು ಹೇಳುತ್ತಿದ್ದಳು. ಪ್ಲಗ್ಗು ತಿರುಗಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ನಾನು ಗುರುತು ನೋಡಿಯೇ ಹಾಕಿದ್ದು.

"ಎರಡೂ ನಿಜ ಆಗಕ್ಕೆ ಹೆಂಗಾದದು ಸುಮಿ?" ಎಂದ ಅಪ್ಪ.

"ನಂಗೂ ಅದೇ ಗೊತ್ತಾಗ್ತಿಲ್ಲ ಅಣ್ಣ. ಒಂದ್ಸಲ ಆ ಪ್ಲಗ್ಗು ಕೊಡು, ನೋಡ್ತೀನಿ."

"ಮುಟ್ಟಬ್ಯಾಡ ನೀನು ಅದನ್ನ!"

ಅವಳು ಕೇಳಿದ್ದೇ ಇನ್ನೊಂದು ಗುಮಾನಿಗೆ ದಾರಿಯಾಯಿತು. ಏನು ಮುಚ್ಚಿಹಾಕಲು ಕೇಳುತ್ತಿದ್ದಾಳೆ? ಟೆಸ್ಟರ್ ಪೂಜೆಯಲ್ಲಿತ್ತು ಎಂದರೆ ತಪ್ಪನ್ನು ದೇವರ ಮೇಲೆ ಹಾಕುತ್ತಾಳೆ ಎಂದರು. "ಒಂದಿನ ನಿಮ್ಗೂ ಗೊತ್ತಾಗ್ತದೆ" ಎಂಬ ಮಾತನ್ನು ಅಮ್ಮ ಮಲಗಿದಲ್ಲಿಂದಲೇ ಮತ್ತೆ ಮತ್ತೆ ಹೇಳುತ್ತಿದ್ದಳು, ಪ್ರತಿ ಸಲವೂ ಅದು ಸ್ವಲ್ಪ ಹೆಚ್ಚು ಕೆಟ್ಟದಾಗಿ ಕೇಳುತ್ತಿತ್ತು. ಅತ್ತೆ ಮಾಡಿದ ಕಾಫಿಯನ್ನು ಅಮ್ಮ ಕುಡಿಯಲಿಲ್ಲ. ಲೋಟ ಆರಿ ಕೆನೆಗಟ್ಟುತ್ತಿತ್ತು. ಅದನ್ನು ಕಂಡ ಅತ್ತೆ ತನ್ನ ತಟ್ಟೆ ಲೋಟವನ್ನು ಬೇರೆ ಇಟ್ಟುಕೊಂಡಳು, ತೊಳೆದು ಬೋರಲು ಹಾಕಿ. ಯಾರೋ ತನ್ನ ಚುಕ್ಕಿಯನ್ನು ಕೆರೆದು ಬೇರೆ ಕಡೆ ಇಟ್ಟಿದ್ದಾರೆಂದು ಅವಳಿಗೆ ಸಂಶಯ. ಉಗುರುಬಣ್ಣ ಯಾರ ಪೆಟ್ಟಿಗೆಯಲ್ಲಿದೆಯೋ ಅವರ ಮೇಲೆ. ಅಜ್ಜಿಗೆ ಕಾಕನ ಯಂತ್ರದ ಮೇಲೆ.

"ಎಲ್ಲಿ ಸೌದಿ, ಎಲ್ಲಿ ಕಂಪಲಾಪುರ. ಅದರ ಜೊತೆ ಏನೇನು ಬಂದದೋ ಯಾರಿಗೆ ಗೊತ್ತು ಕಣವ್ವ," ಎಂದು ನನ್ನ ತೋಳಿಗೆ ಕಪ್ಪು ದಾರ ಕಟ್ಟಿದಳು.

ರಾತ್ರಿಗಳು ಕೆಟ್ಟವು. ಅಜ್ಜಿ ಮೇನ್ ಸ್ವಿಚ್ಚು ಆರಿಸಿ ಮಲಗುವಳು. ಅಪ್ಪ ಎದ್ದು ಅದು ಆರಿದೆಯೇ ನೋಡುವನು. ಅಪ್ಪ ಎದ್ದದ್ದಕ್ಕೆ ಅಮ್ಮ ಎದ್ದು ಕೂರುವಳು. ಅತ್ತೆ ಮಲಗಿದ ಮೂಲೆಯಿಂದ ಬಳೆಯ ಸದ್ದೂ ಬರುತ್ತಿರಲಿಲ್ಲ. ನಿದ್ದೆ ಮಾಡುವವರು ಅಷ್ಟು ಸದ್ದಿಲ್ಲದೆ ಇರುವುದಿಲ್ಲ. ನಾನು ಕಣ್ಣು ಮುಚ್ಚಿದರೆ ಅಮ್ಮನ ಕಚ್ಚಿದ ಹಲ್ಲು. ಈಗಲೂ ಬರುತ್ತದೆ. ಈಗಲೂ ಹೋಟೆಲಿನ ಫ್ರಿಜ್ಜಿನ ಬಾಗಿಲನ್ನು ನಾನು ಮೊದಲು ಕೈಬೆರಳಿನ ಹಿಂಭಾಗದಿಂದ ತಾಗಿಸಿ ನೋಡುತ್ತೇನೆ. ಮನುಷ್ಯರನ್ನೂ ಹಾಗೆಯೇ ನೋಡುವುದು ಅಭ್ಯಾಸವಾಗಿಬಿಟ್ಟಿತು. ಅದು ಆ ದಿನಗಳ ಸಂಪಾದನೆ, ಒಳ್ಳೆಯದೋ ಕೆಟ್ಟದೋ ಗೊತ್ತಿಲ್ಲ.

ಕೊನೆಗೆ ಅಪ್ಪ ತೀರ್ಮಾನ ಮಾಡಿದ. ಸುಮಿಯನ್ನು ಚುಂಚನಕಟ್ಟೆಯ ಮನೆಗೇ ಬಿಟ್ಟುಬರುತ್ತೇನೆ. ಒಂದೇ ಸೂರಿನಡಿ ಇಬ್ಬರೂ ಇರುವುದು ಬೇಡ. ಅತ್ತೆ ಬೇಡಿಕೊಳ್ಳಲಿಲ್ಲ. ಹೊರಡುವ ದಿನ ಬೆಳಿಗ್ಗೆ ತಲೆ ಬಾಚಿ, ಉಳಿದಿದ್ದ ಒಂದೇ ಓಲೆಯನ್ನೂ ಕಿವಿಯಿಂದ ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು.

"ಇಟ್ಕೋ. ಅಲ್ಲಿ ಇದೂ ಉಳಿಯಲ್ಲ."

ಅವಳ ಬ್ಯಾಗು ಜಗಲಿಯ ಮೇಲಿತ್ತು. ಟೀವಿ ಮತ್ತು ಗೇಮನ್ನು ಒಯ್ಯಲು ಕಾಕನೂ ವ್ಯಾನು ತಂದಿದ್ದ. ಆ ಟೀವಿ ಮನೆಯಲ್ಲಿ ಬೇಡವೆಂದು ಅಮ್ಮ ಹಟ ಹಿಡಿದಿದ್ದಳು. ಅಪ್ಪ ಗೋಣಿತಟ್ಟು ತೆಗೆದ. ಟೀವಿಯ ಮೇಲೆ ಹಬ್ಬದ ವಿಭೂತಿ, ಕುಂಕುಮ ಹಾಗೇ ಒಣಗಿದ್ದವು.

"ತಡೀರಿ," ಎಂದಳು ಅಮ್ಮ. "ಪೂಜೆ ಮಾಡಿದ್ದನ್ನ ಅಂಗೇ ಮನೆಯಿಂದ ಆಚೆ ಕಳಿಸಬಾರದು. ಒರೆಸಿಕೊಡ್ತೀನಿ."

"ಕೈ ಹಂಗೈತೆ, ಬ್ಯಾಡ ಬುಡು," ಎಂದ ಅಪ್ಪ.

"ಎಡಗೈ ನೆಟ್ಟಗೈತೆ."

ಬಲಗೈಯ ಬ್ಯಾಂಡೇಜನ್ನು ಎದೆಗಾನಿಸಿಕೊಂಡು, ಎಡಗೈಯಲ್ಲಿ ಒದ್ದೆ ಬಟ್ಟೆ ಹಿಡಿದು ಅಮ್ಮ ಒರೆಸತೊಡಗಿದಳು. ಎಳೆಯುವ ಬಾಗಿಲು, ಮರದ ಅಂಚು, ಗುಂಡಿಗಳು. ಅವಳು ಒಂದು ವಸ್ತುವನ್ನು ಅರ್ಧ ಒರೆಸುವವಳಲ್ಲ. ವೈರಿನ ಗಂಟು ಬಿಡಿಸಿ ಅದನ್ನೂ ಒರೆಸಿದಳು. ವೈರಿನ ತುದಿಯಲ್ಲಿ ಪ್ಲಗ್ಗು. ಅದರ ಮೇಲೆ ಕೆಂಪು ಚುಕ್ಕಿ. ಬಟ್ಟೆ ತಾಗಿಸಿದ್ದೇ ಚುಕ್ಕಿ ಕರಗಿ ಬಟ್ಟೆಗೆ ಬಂತು. ಅಮ್ಮ ಬಟ್ಟೆಯನ್ನು ನೋಡಿದಳು. ಮೂಗಿನ ಹತ್ತಿರ ಹಿಡಿದಳು. ಪ್ಲಗ್ಗನ್ನು ತಿರುಗಿಸಿದಳು. ಹಿಂದಿನ ಮುಖದಲ್ಲಿ ಇನ್ನೊಂದು ಕೆಂಪು ಚುಕ್ಕಿ. ಉಜ್ಜಿದಳು, ಹೋಗಲಿಲ್ಲ. ಗಟ್ಟಿಯಾಗಿ ಉಜ್ಜಿದಳು. ಹೋಗಲಿಲ್ಲ. ಅದು ಅವಳದೇ ಉಗುರುಬಣ್ಣ, ತನ್ನ ತಂಗಿಯ ಮದುವೆಗೆಂದು ಕೊಂಡದ್ದು.

ಆಗ ಅವಳು ಸುಮ್ಮನೆ ಆ ಚುಕ್ಕಿಯನ್ನು ಮುಚ್ಚಿ ವೈರು ಸುತ್ತಿಕೊಟ್ಟಿದ್ದರೆ ನಮಗಾರಿಗೂ ಗೊತ್ತಾಗುತ್ತಿರಲಿಲ್ಲ. ಮೂಲೆಯ ಮೇಜೂ ಹೋಗುತ್ತಿತ್ತು, ನಡುಮನೆ ಪೂರ್ತಿ ಅವಳದಾಗುತ್ತಿತ್ತು. ನಾನು ಓಲೆಯನ್ನು ಮುಷ್ಟಿಯಲ್ಲಿ ಹಿಡಿದು ಅವಳ ಮುಖವನ್ನೇ ನೋಡುತ್ತಿದ್ದೆ, ಅವಳನ್ನೂ ನಂಬದೆ.

"ಸುಮಾ," ಎಂದು ಕರೆದಳು ಅಮ್ಮ. "ಬ್ಯಾಗು ಅಲ್ಲೇ ಇಡು. ಇಲ್ಲಿ ಬಾ."

ಅತ್ತೆ ಬಂದು ಪ್ಲಗ್ಗು ನೋಡಿದಳು, ಬಟ್ಟೆ ನೋಡಿದಳು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅಜ್ಜಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ನಾನೇ ಕಣವ್ವ ಕುಂಕುಮ ಇಟ್ಟಿದ್ದು," ಎಂದಳು, ಯಾರ ಮುಖವನ್ನೂ ನೋಡದೆ. "ಎಲ್ಲಕ್ಕೂ ಇಟ್ಟಂಗೆ ಅದಕ್ಕೂ ಇಟ್ಟೆ. ಮಗ್ಗುಲಾಗಿ ಬಿದ್ದಿತ್ತು. ಮೇಲೆ ಕಂಡ ಕಡೆ ಇಟ್ಟೆ. ಹಿಂದೆ ಒಂದೈತೆ ಅಂತ ನಂಗೇನು ಗೊತ್ತು?"

ಯಾರೂ ಅವಳನ್ನು ಬೈಯಲಿಲ್ಲ. ಅಮ್ಮ ಮಾತ್ರ ಅತ್ತೆಯತ್ತ ತಿರುಗಿದಳು. ಅವಳ ಕಣ್ಣಿನಲ್ಲಿ ನೀರಿತ್ತು, ದನಿ ಮೆತ್ತಗಿರಲಿಲ್ಲ.

"ನನ್ನ ಕೈ ಸುಟ್ಟಿದ್ದು ಅತ್ತೆಮ್ಮನ ಕುಂಕುಮ ಅಲ್ಲ. ಒಂದು ಚುಕ್ಕೀನ ನಂಬ್ಕೊಂಡು ಕರೆಂಟ್ ತಂದು ನನ್ನ ಮಗು ಪಕ್ಕ ಇಟ್ಟಿದ್ದೆಯಲ್ಲ ನೀನು, ಅದು. ಗೇಮ್ ಚೆಂದ ಕಾಣಲಿ ಅಂತ."

"ಹೌದು ಅತ್ತಿಗೆ," ಎಂದಳು ಅತ್ತೆ. "ಅದು ನಾನೇ."

ಅಪ್ಪ ಎಲ್ಲಿ ನೋಡಬೇಕೋ ತಿಳಿಯದೆ ಜಗಲಿಗೆ ಹೋದ. ಆಮೇಲೆ ಅತ್ತೆಯ ಬ್ಯಾಗನ್ನು ಎತ್ತಿಕೊಂಡು ಒಳಗೆ ಬಂದು, ಅವಳ ಮೂಲೆಯಲ್ಲಿ, ಮೇಜಿನ ಕೆಳಗೆ ಇಟ್ಟ. ಕಾಕ ಖಾಲಿ ವ್ಯಾನು ತಿರುಗಿಸಿಕೊಂಡು ಹೋದ.

ಅಷ್ಟಕ್ಕೇ ನಿದ್ದೆ ಬರಲಿಲ್ಲ. ಹುಟ್ಟಿದ ಗುಮಾನಿ, ಕಾರಣ ಗೊತ್ತಾದ ಕೂಡಲೇ ಎದ್ದು ಹೋಗುವುದಿಲ್ಲ. ಅತ್ತೆ ಮೈಸೂರಿಗೆ ಹೋಗಿ, ಇಡ್ಲಿ ಪಾತ್ರೆಯಷ್ಟು ಭಾರದ ಒಂದು ಟ್ರಾನ್ಸ್‌ಫಾರ್ಮರ್ ತಂದಳು. ಗೋಡೆಯ ಕರೆಂಟು ಅದರ ಒಂದು ಮಗ್ಗುಲಿಗೆ ಮುಗಿಯುತ್ತದೆ. ಟೀವಿಗೆ ಬೇಕಾದ್ದು ಇನ್ನೊಂದು ಮಗ್ಗುಲಲ್ಲಿ ಹೊಸದಾಗಿ ಹುಟ್ಟುತ್ತದೆ. ಎರಡಕ್ಕೂ ನಡುವೆ ತಂತಿಯಿಲ್ಲ. ಮರದ ಪೆಟ್ಟಿಗೆಯೊಳಗೆ ಅದನ್ನು ಕೂರಿಸಿ, ಒಂದೇ ರೀತಿಯಲ್ಲಿ ಹೋಗುವ ಮೂರು ಕಡ್ಡಿಯ ಪ್ಲಗ್ಗು ಹಾಕಿದಳು. ಟೀವಿಯ ಎರಡು ಕಡ್ಡಿಯದು ಇನ್ನು ಈ ಪೆಟ್ಟಿಗೆಗೇ. ಮುಗಿದ ಮೇಲೆ ಅಮ್ಮನನ್ನು ಕರೆದು ಟೆಸ್ಟರನ್ನು ಅವಳ ಎಡಗೈಗೆ ಕೊಟ್ಟಳು. ಅಮ್ಮ ಡಬ್ಬಕ್ಕೆ ತಾಗಿಸಿದಳು. ದೀಪ ಹತ್ತಲಿಲ್ಲ.

"ಟೀವಿ ಪ್ಲಗ್ಗು ತಿರುಗಿಸಿ ಹಾಕು," ಎಂದಳು.

ಅತ್ತೆ ತಿರುಗಿಸಿ ಹಾಕಿದಳು. ಹತ್ತಲಿಲ್ಲ.

"ಟೆಸ್ಟರೇ ಕೆಟ್ಟಿದ್ರೆ?"

ಅತ್ತೆ ಟೆಸ್ಟರನ್ನು ಗೋಡೆಯ ತೂತಿಗೆ ಇಟ್ಟು ತೋರಿಸಿದಳು, ಕೆಂಪಗೆ ಹತ್ತಿತು. ಮತ್ತೆ ಡಬ್ಬಕ್ಕೆ. ಹತ್ತಲಿಲ್ಲ. ಅಮ್ಮ ಇನ್ನೂ ಎರಡು ಸಲ ತಿರುಗಿಸಿ ಹಾಕಿಸಿದಳು. ಅತ್ತೆ ಒಮ್ಮೆಯೂ ಬೇಸರಿಸಲಿಲ್ಲ. ಕಡೆಗೆ ಅಮ್ಮ ಎಡಗೈಯ ಹಿಂಭಾಗವನ್ನು ಡಬ್ಬಕ್ಕೆ ತಾಗಿಸಿ, ಥಟ್ಟನೆ ತೆಗೆದು, ಮತ್ತೆ ತಾಗಿಸಿ, ಆಮೇಲೆ ಅಂಗೈಯನ್ನು ಪೂರ್ತಿ ಅದರ ಮೇಲಿಟ್ಟಳು. ಪರದೆಯ ಮೇಲೆ ಇಟ್ಟಿಗೆಗಳು ಒಂದೊಂದಾಗಿ ಎಣಿಸುವ ಹಾಗೆ ಕಾಣುತ್ತಿದ್ದವು.

"ಮೀಸೆ ಐತಲ್ಲೇ ಇವನಿಗೆ," ಎಂದಳು ಅಮ್ಮ.

ಈಗ ಅತ್ತೆಗೆ ಹುಣಸೂರಿನಲ್ಲಿ ಸ್ವಂತ ಕೋಣೆ ಇದೆ. ತಮ್ಮ ಚಿಕ್ಕಂದಿನ ಗೇಮುಗಳನ್ನು ಇಂದಿನ ಟೀವಿಯಲ್ಲಿ ಚೊಕ್ಕವಾಗಿ ಕಾಣಬೇಕೆನ್ನುವವರು ಎಲ್ಲೆಲ್ಲಿಂದಲೋ ಕೊರಿಯರ್ ಮಾಡುತ್ತಾರೆ. ಒಳಗಿನಿಂದ ಚಿತ್ರ ಬೇರೆ, ದನಿ ಬೇರೆ ತೆಗೆದು ಕಳಿಸುತ್ತಾಳೆ. ಗುರುತಿನ ಚುಕ್ಕಿಯನ್ನು ಮಾತ್ರ ಯಾವುದಕ್ಕೂ ಇಡುವುದಿಲ್ಲ. ನಾನು ಅಲ್ಲಿಗೆ ಹೋದಾಗ ಮೇಜಿನ ಮೇಲಿನ ಲೋಹವನ್ನು ಬೆರಳ ಹಿಂಭಾಗದಿಂದ ತಾಗಿಸುತ್ತೇನೆ. ಅವಳು ನೋಡಿಯೂ ನೋಡದ ಹಾಗಿರುತ್ತಾಳೆ.

ಆವತ್ತು, ಡಬ್ಬದ ಮೇಲೆ ಅಂಗೈ ಇಟ್ಟ ದಿನ, ಅಮ್ಮ ಅತ್ತೆ ಮಾಡಿದ ಕಾಫಿಯನ್ನು ಕುಡಿದಳು. ಮಾರನೆಯ ಬೆಳಿಗ್ಗೆ ನಮ್ಮನ್ನು ಎಬ್ಬಿಸಿದ್ದು ಬಾಗಿಲು ಬಡಿದ ಕಾಕ. ನಡುಮನೆಯ ತುಂಬ ಬಿಸಿಲು. ಅಪ್ಪ, ಅಜ್ಜಿ, ಅತ್ತೆ ಎಲ್ಲರೂ ಆಗತಾನೆ ಕಣ್ಣುಜ್ಜುತ್ತಿದ್ದರು. ಅಮ್ಮ ಬಾಗಿಲು ತೆಗೆದರೆ ಅಂಗಳವೆಲ್ಲ ನೀರು, ತೆಂಗಿನ ಗರಿಯೊಂದು ಜಗಲಿಗೆ ಅಡ್ಡ ಬಿದ್ದಿತ್ತು.

"ರಾತ್ರಿ ಎಂಥ ಗುಡುಗು!" ಎಂದ ಕಾಕ. "ನಮ್ಮ ಬೇಕರಿಯ ಶೀಟೇ ಹಾರಿತು. ನಿಮಗೆ ಏನೂ ಆಗಲಿಲ್ಲ ಅಲ್ಲ?"

ಆ ಗುಡುಗು ನಮ್ಮಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಅಜ್ಜಿ ಗೋಡೆಯತ್ತ ನೋಡಿದಳು. ನಾವೆಲ್ಲರೂ ನೋಡಿದೆವು. ಪ್ಲಗ್ಗು ಹಾಕಿದಲ್ಲೇ ಇತ್ತು.